ಉಳಿಯುವುದು ಕಡಲ ಹತ್ತಿರ, ಪಾರ್ಕಿಗೆ ಒಂದೇ ದಿನ

ಫ್ಲೋರಿಡಾ ಪ್ರವಾಸದ ಲೆಕ್ಕ ಹಾಕುತ್ತಾ ಕೂತಿದ್ದೇನೆ. ಡಿಸ್ನಿ ವರ್ಲ್ಡ್‌ನಂಥ ಮನರಂಜನಾ ಪಾರ್ಕುಗಳಿಗೆ ಹೋಗುವವರು ಸಾಮಾನ್ಯವಾಗಿ ಒರ್ಲಾಂಡೊದಲ್ಲೇ ಉಳಿಯುತ್ತಾರೆ. ನನ್ನ ಮನಸ್ಸೆಲ್ಲ ಕಡಲ ದಡದ ಊರು ಕೊಕೊ ಬೀಚ್ ಕಡೆಗೇ. ಕಾರಿನಲ್ಲಿ ಸುಮಾರು ಒಂದು ಗಂಟೆಯ ದಾರಿ, ಅಷ್ಟೇ. ಅಡುಗೆಮನೆ ಇರುವ ರೂಮು ಸಿಕ್ಕರೆ ತಿಂಡಿ, ರಾತ್ರಿ ಊಟ ನಾವೇ ಮಾಡಿಕೊಳ್ಳಬಹುದು. ದುಡ್ಡು ಉಳಿಯುವುದೇ ಅಲ್ಲಿ.

ಡಿಸ್ನಿ ವರ್ಲ್ಡ್ ಟಿಕೆಟ್ಟಿನ ದರ ದಿನಕ್ಕೊಂದು ಥರ. ರಜೆಯ ದಿನಗಳಲ್ಲಿ ಜಾಸ್ತಿ, ಶಾಲೆ ನಡೆಯುವ ವಾರಗಳಲ್ಲಿ ಕಡಿಮೆ. ಸೆಪ್ಟೆಂಬರ್ ಅಗ್ಗವೇನೋ ಹೌದು. ಆದರೆ ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ. ಸ್ವಲ್ಪ ಹೆಚ್ಚು ಕೊಟ್ಟರೂ ಸರಿ, ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ಬುಕಿಂಗೇ ಬೇಕು.

ಪಾರ್ಕಿಗೆ ಒಂದು ದಿನ ಸಾಕು, ಉಳಿದದ್ದೆಲ್ಲ ಸಮುದ್ರಕ್ಕೆ. ಮಕ್ಕಳು ಮರಳಲ್ಲಿ ಗುಂಡಿ ತೋಡಲು ಕೂತರೆ, ಒಳಗಿಂದ ನೀರು ಜಿನುಗುವವರೆಗೂ ಏಳುವುದಿಲ್ಲ. ಅಂಚು ಕುಸಿಯುತ್ತದೆ, ಮತ್ತೆ ತೋಡುತ್ತಾರೆ. ಅದಕ್ಕೆ ಟಿಕೆಟ್ಟಿಲ್ಲ, ಸಾಲಿಲ್ಲ. ದುಡ್ಡು ಕೊಟ್ಟು ಒಳಗೆ ಹೋದ ಕಡೆ ನಾವು ದೊಡ್ಡವರು ಗಡಿಯಾರ ನೋಡುತ್ತಲೇ ಇರುತ್ತೇವೆ ಅಲ್ವಾ? ಕಡಲ ಹತ್ತಿರ ಸುಮ್ನೆ ಕೂರಬಹುದು.

ಅಂದ ಹಾಗೆ, ರಾಕೆಟ್ ಉಡಾಯಿಸುವ ಕೇಪ್ ಕೆನವೆರಲ್ ಪಕ್ಕದಲ್ಲೇ ಇದೆ. ರಾಕೆಟ್ ಹಾರುವುದು ಬೀಚಿಂದಲೇ ಕಾಣುತ್ತದೆ. ಉಡಾವಣೆಯ ಪಟ್ಟಿ ನೋಡಿಯೇ ದಿನ ಗೊತ್ತು ಮಾಡಬೇಕು.