ಬೆಂಗಳೂರು–ಮಂಗಳೂರು ದಾರಿಯ ಕ್ರ್ಯಾಶ್: ಒಂದೇ ಲಕ್ಷಣ, ಎರಡು ಕಾಯಿಲೆ

ಎಕ್ಸ್-ಪ್ಲೇನ್ 12 ಎನ್ನುವ ವಿಮಾನ ಹಾರಾಟದ ಸಿಮ್ಯುಲೇಟರ್‌ನಲ್ಲಿ (ಸಿಮ್) ಬೆಂಗಳೂರಿನಿಂದ ಮಂಗಳೂರಿಗೆ ಹಾರುವುದು ನನಗೆ ತುಂಬಾ ಇಷ್ಟ. ಘಟ್ಟ ದಾಟಿ, ಬಜ್ಪೆಯ ಗುಡ್ಡದ ಮೇಲಿನ ಟೇಬಲ್‌ಟಾಪ್ ರನ್‌ವೇಗೆ ಇಳಿಯುವ ಆ ಕೊನೆಯ ಭಾಗಕ್ಕಾಗಿಯೇ ಆರ್ಥೋ4ಎಕ್ಸ್‌ಪಿ ಎನ್ನುವ ಸಾಫ್ಟ್‌ವೇರಿನಲ್ಲಿ ಉಪಗ್ರಹ ಚಿತ್ರಗಳ ನೆಲ ತಯಾರಿಸಿಕೊಂಡಿದ್ದೆ. ಆದರೆ ಅಲ್ಲಿಗೆ ತಲುಪುವ ಹೊತ್ತಿಗೆ, ಕೆಲವೊಮ್ಮೆ ಅದಕ್ಕೂ ಮುಂಚೆಯೇ, ಸಿಮ್ ಪಟ್ಟನೆ ಮುಚ್ಚಿಹೋಗುತ್ತಿತ್ತು. ಈಗ ಸರಿಹೋಗಿದೆ. ಇಂಥ ತೊಂದರೆಗೆ ಎಲ್ಲರೂ ಕೊಡುವ ಸಲಹೆ ‘ಗ್ರಾಫಿಕ್ಸ್ ಎಲ್ಲಾ ಕಮ್ಮಿ ಮಾಡಿ ನೋಡಿ’. ಎಲ್ಲವನ್ನೂ ಒಟ್ಟಿಗೆ ಇಳಿಸಿದರೆ ಕ್ರ್ಯಾಶ್ ನಿಲ್ಲಬಹುದು, ಆದರೆ ಯಾವುದರಿಂದ ನಿಂತಿತು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಈ ಬಾರಿ ಒಂದೊಂದಾಗಿ ಬಿಡಿಸಿಕೊಂಡು ಹೋದೆ.

ನನ್ನ ಪಿಸಿಯಲ್ಲಿ 32 ಜಿಬಿ ರ‍್ಯಾಮ್, ಗ್ರಾಫಿಕ್ಸ್ ಕಾರ್ಡಿನಲ್ಲಿ 6 ಜಿಬಿ ವಿಡಿಯೋ ಮೆಮೊರಿ ಇದೆ.

ಶುರು ಮಾಡಿದ್ದು ಲಾಗ್ ಫೈಲಿನಿಂದ, ಅಂದರೆ ಸಿಮ್ ತಾನು ಮಾಡಿದ್ದನ್ನು ಬರೆದಿಡುವ ಫೈಲಿನಿಂದ. ಎಕ್ಸ್-ಪ್ಲೇನ್ ಫೋಲ್ಡರಿನಲ್ಲೇ ಅದು ಇರುತ್ತದೆ. ಕ್ರ್ಯಾಶ್ ಆದ ಮೇಲೆ ಸಿಮ್ ಮತ್ತೆ ತೆರೆಯುವ ಮುಂಚೆ ಅದನ್ನು ಬೇರೆ ಕಡೆ ಕಾಪಿ ಮಾಡಿಡಬೇಕು. ಇಲ್ಲದಿದ್ದರೆ ಹೊಸ ಲಾಗ್ ಹಳೆಯದರ ಮೇಲೆಯೇ ಕೂರುತ್ತದೆ. ಹಾಗೆ ಎತ್ತಿಟ್ಟ ಲಾಗ್‌ಗಳನ್ನು ಪಕ್ಕಪಕ್ಕ ಇಟ್ಟು ಕೊನೆಯ ಸಾಲುಗಳನ್ನು ಓದಿದಾಗ ವಿಷಯ ತೆರೆದುಕೊಂಡಿತು. ಕೆಲವು ಲಾಗ್‌ಗಳ ಕೊನೆಯಲ್ಲಿ ವಲ್ಕನ್ ಎನ್ನುವ ಗ್ರಾಫಿಕ್ಸ್ ವ್ಯವಸ್ಥೆಯ ಎರರ್ ಇತ್ತು: ಗ್ರಾಫಿಕ್ಸ್ ಕಾರ್ಡಿನಲ್ಲಿ ಮೆಮೊರಿ ಖಾಲಿ. ಇನ್ನು ಕೆಲವು ಲಾಗ್ ಮಧ್ಯದಲ್ಲೇ ಕಡಿದುಹೋಗಿದ್ದವು. ಎರರ್ ಇಲ್ಲ, ‘ಅಪ್ಲಿಕೇಶನ್ ಕ್ರ್ಯಾಶ್ ಆಗಿದೆ’ ಎನ್ನುವ ಆ ಮಾಮೂಲಿ ಸಾಲೂ ಇಲ್ಲ. ಮೊದಲನೇ ಥರದವು ಎಲ್ಲಾ ಮಂಗಳೂರಿನ ಹತ್ತಿರ. ಎರಡನೇ ಥರದವು ಎಲ್ಲೆಂದರಲ್ಲಿ, ಒಮ್ಮೆ ಹಾಸನದ ಮೇಲೆ, ಒಮ್ಮೆ ಬೆಂಗಳೂರಿನ ರನ್‌ವೇ ಬಿಡುವ ಮುಂಚೆಯೇ.

ಇದು ನನಗೆ ಸಿಕ್ಕ ಅತಿ ಉಪಯೋಗದ ಸುಳಿವು. ಒಂದೇ ಜಾಗದಲ್ಲಿ ಬಿದ್ದರೆ ಆ ಜಾಗದ ಸೀನರಿಯನ್ನು (ಸಿಮ್‌ನೊಳಗಿನ ನೆಲ, ಕಟ್ಟಡಗಳನ್ನು) ನೋಡಬೇಕು. ಜಾಗಕ್ಕೂ ಅದಕ್ಕೂ ಸಂಬಂಧವೇ ಇಲ್ಲದಿದ್ದರೆ ಹಾರ್ಡ್‌ವೇರ್, ಡ್ರೈವರ್, ಪ್ಲಗಿನ್ (ಸಿಮ್‌ಗೆ ಸೇರಿಸಿಕೊಂಡ ಚಿಕ್ಕ ಪ್ರೋಗ್ರಾಂ) ಕಡೆ ತಿರುಗಬೇಕು.

ಎರಡನೇ ಥರದ್ದು ಬೇಗ ಮುಗಿಯಿತು. ಆ ಕ್ರ್ಯಾಶ್‌ಗಳಲ್ಲಿ ಪಿಸಿಯೇ ರೀಸ್ಟಾರ್ಟ್ ಆಗುತ್ತಿತ್ತು. ವಿಂಡೋಸ್‌ನ ಇವೆಂಟ್ ವ್ಯೂವರ್‌ನಲ್ಲಿ ಕರ್ನಲ್-ಪವರ್ 41 ಬಿಟ್ಟರೆ ಬೇರೇನೂ ಇರಲಿಲ್ಲ. ಪಿಸಿ ಸರಿಯಾಗಿ ಶಟ್‌ಡೌನ್ ಆಗಲಿಲ್ಲ ಅಂತ ಮಾತ್ರ ಅದು ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ರಾತ್ರಿ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86+ ಓಡಿಸಿ ಮಲಗಿದೆ. ಬೆಳಗ್ಗೆ ಪರದೆ ತುಂಬಾ ಎರರ್‌ನ ಕೆಂಪು ಸಾಲುಗಳು. ಬಯಾಸ್‌ನಲ್ಲಿ ರ‍್ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆಫ್ ಮಾಡಿ, ರ‍್ಯಾಮ್ ಮಾಮೂಲಿ ವೇಗದಲ್ಲಿ ಓಡುವಂತೆ ಮಾಡಿ ಮತ್ತೆ ಪರೀಕ್ಷಿಸಿದೆ. ಒಂದೂ ಎರರ್ ಬರಲಿಲ್ಲ. ಅಲ್ಲಿಂದ ಈಚೆಗೆ ಆ ಥರದ ಕ್ರ್ಯಾಶ್ ಆಗಿಲ್ಲ.

ಮಂಗಳೂರಿನದು ಹೆಚ್ಚು ಸ್ವಾರಸ್ಯದ ಕಥೆ. ಎಕ್ಸ್-ಪ್ಲೇನ್ ಭೂಮಿಯನ್ನು ಒಂದು ಡಿಗ್ರಿ ಅಕ್ಷಾಂಶ, ಒಂದು ಡಿಗ್ರಿ ರೇಖಾಂಶದ ತುಂಡುಗಳಾಗಿ ಹಂಚಿಕೊಂಡು ಲೋಡ್ ಮಾಡುತ್ತದೆ. ಮಂಗಳೂರು ವಿಮಾನ ನಿಲ್ದಾಣ ಇರುವುದು ಸುಮಾರು 12.96 ಉತ್ತರ, 74.89 ಪೂರ್ವದಲ್ಲಿ. ಅಂದರೆ 13 ಮತ್ತು 75ರ ಗೆರೆಗಳು ಕೂಡುವ ಮೂಲೆಯ ಪಕ್ಕದಲ್ಲೇ. ಅಲ್ಲಿ ಇಳಿಯುವಾಗ ನಾಲ್ಕು ತುಂಡುಗಳೂ ಕಣ್ಣೆದುರಿಗೇ ಬರುತ್ತವೆ!

ಈಗ ಲೆಕ್ಕ. ಆರ್ಥೋದ (ಆ ಉಪಗ್ರಹ ಚಿತ್ರಗಳ ನೆಲದ) ಒಂದೊಂದು ಚಿತ್ರ 4096 ಪಿಕ್ಸೆಲ್ ಅಗಲ, ಅಷ್ಟೇ ಉದ್ದ. ಚಿತ್ರವನ್ನು ಕುಗ್ಗಿಸಿಡುವ ಡಿಎಕ್ಸ್‌ಟಿ1 ಕಂಪ್ರೆಶನ್‌ನಲ್ಲಿ ಪಿಕ್ಸೆಲ್‌ಗೆ ಅರ್ಧ ಬೈಟ್, ಅಂದರೆ 8 ಎಂಬಿ. ದೂರದಿಂದ ನೋಡಲು ಬೇಕಾದ ಚಿಕ್ಕ ಪ್ರತಿಗಳು ಸೇರಿ ಹತ್ತಿರ ಹತ್ತಿರ 10.7 ಎಂಬಿ. ಝೂಮ್ ಲೆವೆಲ್ ಅಂದರೆ ಚಿತ್ರ ಎಷ್ಟು ಸೂಕ್ಷ್ಮ ಅನ್ನುವ ಅಳತೆ. ಲೆವೆಲ್ 16ರಲ್ಲಿ ನಮ್ಮ ಅಕ್ಷಾಂಶದಲ್ಲಿ ಒಂದು ಚಿತ್ರ ಸುಮಾರು ಒಂಬತ್ತೂವರೆ ಕಿಲೋಮೀಟರ್ ಅಗಲ, ಅಷ್ಟೇ ಉದ್ದದ ನೆಲ ಮುಚ್ಚುತ್ತದೆ. ಹಾಗಾಗಿ ಒಂದು ತುಂಡಿಗೆ 1.5 ಜಿಬಿ ಆಸುಪಾಸು. ಲೆವೆಲ್ 17ಕ್ಕೆ ಹೋದರೆ ಚಿತ್ರಗಳ ಸಂಖ್ಯೆ ನಾಲ್ಕು ಪಟ್ಟು, ತುಂಡೊಂದಕ್ಕೆ ಸುಮಾರು 6 ಜಿಬಿ. ನಾನು ನಾಲ್ಕನ್ನೂ 17ರಲ್ಲೇ ಮಾಡಿದ್ದೆ. ಸಿಮ್ ಎಲ್ಲವನ್ನೂ ಪೂರ್ತಿ ಗಾತ್ರದಲ್ಲಿ ಒಟ್ಟಿಗೆ ತುಂಬಿಕೊಳ್ಳುವುದಿಲ್ಲ, ದೂರದ್ದಕ್ಕೆ ಚಿಕ್ಕ ಪ್ರತಿ ಬಳಸುತ್ತದೆ, ನಿಜ. ಆದರೂ ನಿಲ್ದಾಣದ ಸೀನರಿ, ವಿಮಾನದ ಕಾಕ್‌ಪಿಟ್, ಮೋಡ ಎಲ್ಲಾ ಅದೇ 6 ಜಿಬಿಯಲ್ಲಿ ಹಿಡಿಸಬೇಕಲ್ವಾ?

ಖಾತ್ರಿ ಮಾಡಿಕೊಳ್ಳಲು ಯಾವ ಸೀನರಿ ಲೋಡ್ ಆಗಬೇಕು ಅಂತ ಪಟ್ಟಿ ಮಾಡುವ ಸೀನರಿ ಪ್ಯಾಕ್ಸ್ ಫೈಲಿನಲ್ಲಿ ಆ ನಾಲ್ಕು ಆರ್ಥೋ ಸಾಲುಗಳನ್ನು ಮಾತ್ರ ಡಿಸೇಬಲ್ ಮಾಡಿ ಹಾರಿದೆ. ಆರಾಮಾಗಿ ಇಳಿಯಿತು. ಆಮೇಲೆ ನಾಲ್ಕನ್ನೂ ಲೆವೆಲ್ 16ರಲ್ಲಿ ಹೊಸದಾಗಿ ಮಾಡಿ, ನಿಲ್ದಾಣದ ಸುತ್ತಲಿನ ಸಣ್ಣ ವಲಯಕ್ಕೆ ಮಾತ್ರ 17 ಇಟ್ಟೆ. ನೇತ್ರಾವತಿ, ಗುರುಪುರ ನದಿಗಳ ಅಳಿವೆ ಈಗಲೂ ಚೆನ್ನಾಗಿಯೇ ಕಾಣುತ್ತದೆ. ಎರಡು ಸಾವಿರ ಅಡಿ ಮೇಲಿನಿಂದ ನನಗಂತೂ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕ್ರ್ಯಾಶ್ ನಿಂತ ಮೇಲೆ ಸೆಟ್ಟಿಂಗ್ಸ್‌ಗೆ ಕೈ ಹಾಕಿದೆ. ಡೇಟಾ ಔಟ್‌ಪುಟ್‌ನಲ್ಲಿ ಫ್ರೇಮ್ ರೇಟ್ ಸಾಲಿಗೆ ಟಿಕ್ ಹಾಕಿದರೆ ಸಿಪಿಯು (ಪಿಸಿಯ ಮುಖ್ಯ ಪ್ರೊಸೆಸರ್) ಸಮಯ, ಜಿಪಿಯು (ಗ್ರಾಫಿಕ್ಸ್ ಕಾರ್ಡಿನ ಪ್ರೊಸೆಸರ್) ಸಮಯ ಬೇರೆ ಬೇರೆಯಾಗಿ ಪರದೆ ಮೇಲೆ ಬರುತ್ತವೆ. ಸೆಕೆಂಡಿಗೆ 30 ಫ್ರೇಮ್ ಬೇಕಾದರೆ ಒಂದೊಂದು ಫ್ರೇಮಿಗೆ 33 ಮಿಲಿಸೆಕೆಂಡ್ ಸಿಗುತ್ತದೆ. ಇಬ್ಬರಲ್ಲಿ ಯಾರು ನಿಧಾನವೋ ಅವರ ವೇಗವೇ ಸಿಮ್‌ನ ವೇಗ. ಬೆಂಗಳೂರಿನ ಗೇಟಿನಲ್ಲಿ ನಿಂತಾಗ ಸಿಪಿಯು ಹಿಂದೆ ಬೀಳುತ್ತದೆ. ಅಲ್ಲಿ ಕೆಲಸಕ್ಕೆ ಬಂದದ್ದು ವರ್ಲ್ಡ್ ಆಬ್ಜೆಕ್ಟ್ಸ್ (ಕಟ್ಟಡ ಮುಂತಾದ ವಸ್ತುಗಳ ಪ್ರಮಾಣ) ಒಂದು ಹಂತ ಇಳಿಸಿದ್ದು ಮತ್ತು ಸೀನರಿಯ ಮೇಲಿನ ನೆರಳು ತೆಗೆದದ್ದು. ಚಿತ್ರದ ಅಂಚುಗಳನ್ನು ನಯ ಮಾಡುವ ಆಂಟಿ-ಏಲಿಯಾಸಿಂಗ್ ಎಷ್ಟು ಇಳಿಸಿದರೂ ಒಂದು ಫ್ರೇಮೂ ಜಾಸ್ತಿ ಆಗಲಿಲ್ಲ. ಅದು ಜಿಪಿಯು ಕೆಲಸ, ಜಿಪಿಯು ಅಲ್ಲಿ ಸುಮ್ನೆ ಕೂತಿತ್ತು.

ಮಂಗಳೂರಿನಲ್ಲಿ ಮಳೆಗಾಲದ ನಿಜವಾದ ಹವಾಮಾನ ಹಾಕಿಕೊಂಡು ಮೋಡದೊಳಗೆ ನುಗ್ಗಿದರೆ ಪೂರ್ತಿ ಉಲ್ಟಾ. ಜಿಪಿಯು ಸಮಯ 33 ದಾಟಿ ಏರುತ್ತದೆ, ಸಿಪಿಯು ಕಾಯುತ್ತಿರುತ್ತದೆ. ಅಲ್ಲಿ ಆಂಟಿ-ಏಲಿಯಾಸಿಂಗ್ ಇಳಿಸಿದ ತಕ್ಷಣ ಉಸಿರಾಡುವಷ್ಟು ಜಾಗ ಸಿಕ್ಕಿತು. ಚಿತ್ರವನ್ನು ಚಿಕ್ಕದಾಗಿ ಮಾಡಿ ಹಿಗ್ಗಿಸಿ ತೋರಿಸುವ ಎಫ್‌ಎಸ್‌ಆರ್ ಕೂಡ ಫ್ರೇಮ್ ಕೊಡುತ್ತದೆ, ಆದರೆ ಕಾಕ್‌ಪಿಟ್‌ನ ಅಕ್ಷರಗಳು ಮಸುಕಾಗುತ್ತವೆ. ಅಪ್ರೋಚ್‌ನಲ್ಲಿ (ಇಳಿಯಲು ರನ್‌ವೇ ಕಡೆ ಬರುವಾಗ) ಅಂಕಿ ಓದಲು ಕಣ್ಣು ಕಿರಿದು ಮಾಡಬೇಕಾದರೆ ನನಗೆ ಬೇಡ, ಆಫ್ ಮಾಡಿದ್ದೇನೆ. ಟೆಕ್ಸ್ಚರ್ ಕ್ವಾಲಿಟಿ (ಮೇಲ್ಮೈ ಚಿತ್ರಗಳ ಗುಣಮಟ್ಟ) ಮಾತ್ರ ಮೊದಲಿದ್ದಲ್ಲೇ ಇದೆ. ಅದರ ಹೊರೆ ಹೆಚ್ಚಾಗಿ ಬೀಳುವುದು ವಿಡಿಯೋ ಮೆಮೊರಿಯ ಮೇಲೆ, ಅಲ್ಲಿ ಈಗ ಜಾಗ ಇದೆ.

ಫ್ರೇಮ್ 20ರ ಕೆಳಗೆ ಬೀಳದಂತೆ ನೋಡಿಕೊಳ್ಳುವುದು ನನಗೆ ಬರೀ ಚಂದದ ಪ್ರಶ್ನೆ ಅಲ್ಲ. ಅದಕ್ಕಿಂತ ಕೆಳಗೆ ಹೋದರೆ ಎಕ್ಸ್-ಪ್ಲೇನ್ ಹಾರಾಟದ ಲೆಕ್ಕ ಕೆಡದಿರಲಿ ಅಂತ ಸಿಮ್‌ನ ಸಮಯವನ್ನೇ ನಿಧಾನ ಮಾಡುತ್ತದೆ. ಗಡಿಯಾರ ಇಟ್ಟುಕೊಂಡು ಹೋಲ್ಡಿಂಗ್ (ಒಂದೇ ಜಾಗದಲ್ಲಿ ಸುತ್ತು ಹಾಕುತ್ತಾ ಕಾಯುವುದು) ಅಭ್ಯಾಸ ಮಾಡುವವರಿಗೆ ಅದು ದೊಡ್ಡ ತೊಂದರೆ.

ಇನ್ನು ಉಳಿದಿರುವುದು ಪ್ಲಗಿನ್‌ಗಳು. ಹುಡುಕುವಾಗ ಎಲ್ಲವನ್ನೂ ಹೊರಗೆ ಎತ್ತಿಟ್ಟಿದ್ದೆ. ಈಗ ಒಂದೊಂದಾಗಿ ವಾಪಸ್ ಹಾಕುತ್ತಿದ್ದೇನೆ, ಪ್ರತಿ ಸಲವೂ ಬೆಂಗಳೂರಿನಿಂದ ಮಂಗಳೂರಿಗೆ ಪೂರ್ತಿ ಹಾರಿ ಲಾಗ್ ನೋಡಿದ ಮೇಲೆಯೇ ಮುಂದಿನದು. ಎಕ್ಸ್‌ಎಂಪಿ ಮಾತ್ರ ಆಫ್ ಆಗಿಯೇ ಇರುತ್ತದೆ.