ಮನೆ ಬದಲಾದಾಗ ಬ್ರಾಡ್‌ಬ್ಯಾಂಡ್ ಮತ್ತು ಫೋನ್: ಜೊತೆಗೆ ಬರುವುದೇನು, ಹಿಂದೆ ಉಳಿಯುವುದೇನು

‘ಬ್ರಾಡ್‌ಬ್ಯಾಂಡ್ ಶಿಫ್ಟ್ ಮಾಡಿಸಿದೆವು’ ಎಂದು ನಾವೆಲ್ಲ ಸಲೀಸಾಗಿ ಹೇಳಿಬಿಡುತ್ತೇವೆ. ಆದರೆ ಕಂಪನಿಯವರು ಹೊಸ ವಿಳಾಸಕ್ಕೆ ತರುವುದು ನಮ್ಮ ಹೆಸರಿನ ಖಾತೆ, ಅದರಲ್ಲಿ ಉಳಿದಿರುವ ಪ್ಲ್ಯಾನಿನ ಅವಧಿ, ಹಿಂದೆ ಕಟ್ಟಿದ ಠೇವಣಿ ಮತ್ತು ಪರಿಸ್ಥಿತಿ ಅನುಕೂಲವಾಗಿದ್ದರೆ ಫೋನ್ ನಂಬರು, ಇಷ್ಟನ್ನೇ. ಹಳೆಯ ಮನೆಯ ಗೋಡೆ ತೂರಿ ಬಂದಿದ್ದ ಫೈಬರ್ ಕೇಬಲ್ ಅಲ್ಲಿಯೇ ಉಳಿಯುತ್ತದೆ. ಹೊಸ ಮನೆಗೆ ಅದರ ಬೀದಿಯ ಕಂಬದಿಂದ ಹೊಸ ಕೇಬಲ್ಲನ್ನೇ ಎಳೆಯಬೇಕಾಗುತ್ತದೆ. ಖಾತೆಯ ವರ್ಗಾವಣೆ ಕಂಪ್ಯೂಟರಿನಲ್ಲಿ ಕ್ಷಣದಲ್ಲಿ ಮುಗಿಯುವ ಕೆಲಸ. ಕೇಬಲ್ಲಿನ ಕೆಲಸ ಮಾತ್ರ ಬೀದಿ, ಕಂಬ, ಪಕ್ಕದ ಮನೆ, ಮನೆಯ ಮಾಲೀಕರು, ಅಪಾರ್ಟ್‌ಮೆಂಟಾದರೆ ಸಂಘದ ಪದಾಧಿಕಾರಿಗಳು, ಹೀಗೆ ಹಲವರ ಕೃಪೆಯನ್ನು ಅವಲಂಬಿಸಿರುತ್ತದೆ. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಿದರೆ ಯಾವುದಕ್ಕೆ ಎಷ್ಟು ಮುಂಚೆ ಓಡಾಡಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ನಮ್ಮ ಸಂಸಾರ ಈ ಸಲ ರಾಜಾಜಿನಗರದಿಂದ ಉತ್ತರಹಳ್ಳಿಯ ಕಡೆಗೆ ಬಂತು. ಮನೆಯವರು ವಾರದಲ್ಲಿ ಹೆಚ್ಚಿನ ದಿನ ಮನೆಯಿಂದಲೇ ಕೆಲಸ ಮಾಡುವವರು, ಮಗಳು ಪಿಯುಸಿಯಲ್ಲಿದ್ದಾಳೆ, ಅತ್ತೆಯವರಿಗೆ ಲ್ಯಾಂಡ್‌ಲೈನ್ ಬಿಟ್ಟರೆ ಬೇರೆ ಫೋನು ಒಗ್ಗುವುದಿಲ್ಲ. ಆಷಾಢದಲ್ಲಿ ಮನೆ ಬದಲಿಸುವಂತಿಲ್ಲವೆಂದು ಅತ್ತೆಯವರು ಮೊದಲೇ ಹೇಳಿದ್ದರಿಂದ ಜ್ಯೇಷ್ಠ ಮುಗಿಯುವುದರೊಳಗೆ ಹಾಲುಕ್ಕಿಸಬೇಕಿತ್ತು. ಆಷಾಢವನ್ನು ತಪ್ಪಿಸುವವರು ಊರಿನಲ್ಲಿ ನಾವೊಬ್ಬರೇ ಅಲ್ಲವಾದ್ದರಿಂದ, ಅದರ ಹಿಂದಿನ ವಾರಗಳಲ್ಲಿ ಮತ್ತು ಶ್ರಾವಣ ಶುರುವಾದ ಕೂಡಲೇ ಲಾರಿಯವರು, ಪೇಂಟರುಗಳು, ಫೈಬರ್ ಎಳೆಯುವ ಹುಡುಗರು ಎಲ್ಲರೂ ಒಮ್ಮೆಲೇ ದುರ್ಲಭರಾಗುತ್ತಾರೆಂದು ನನ್ನ ಅಂದಾಜು. ಆದ್ದರಿಂದ ಶಿಫ್ಟ್ ಕೋರಿಕೆಯನ್ನು ಸಾಮಾನು ಕಟ್ಟುವುದಕ್ಕಿಂತ ಸಾಕಷ್ಟು ಮೊದಲೇ ಸಲ್ಲಿಸುವುದು ಒಳ್ಳೆಯದು.

ಕೋರಿಕೆ ಸಲ್ಲಿಸಿದಾಗ ಕಂಪನಿ ಮೊದಲು ನೋಡುವುದು ‘ಫೀಸಿಬಿಲಿಟಿ’, ಅಂದರೆ ಹೊಸ ವಿಳಾಸದಲ್ಲಿ ಸಂಪರ್ಕ ಕೊಡಲು ಸಾಧ್ಯವೇ ಎಂಬುದನ್ನು. ಗ್ರಾಹಕ ಸೇವಾ ಕೇಂದ್ರದಲ್ಲಿ ಕುಳಿತವರು ಪಿನ್‌ಕೋಡ್ ಅಥವಾ ಬಡಾವಣೆಯ ಹೆಸರು ನೋಡಿ ‘ಸಾಧ್ಯವಿದೆ’ ಎಂದುಬಿಡುತ್ತಾರೆ. ಆ ಉತ್ತರವನ್ನು ನಂಬಿ ಹಳೆಯ ಸಂಪರ್ಕವನ್ನು ಕಡಿತಗೊಳಿಸಬಾರದು. ಇದಕ್ಕೆ ಕಾರಣವಿದೆ. ಈಗಿನ ಮನೆ ಸಂಪರ್ಕಗಳಲ್ಲಿ ಕಂಪನಿಯ ಕೇಂದ್ರದಿಂದ ಹೊರಟ ಒಂದೇ ಫೈಬರ್, ದಾರಿಯಲ್ಲಿ ಸ್ಪ್ಲಿಟರ್ ಎಂಬ ಸಾಧನದ ಮೂಲಕ ಹಲವು ಮನೆಗಳಿಗೆ ಕವಲೊಡೆಯುತ್ತದೆ. ಬೀದಿಯ ಕಂಬದ ಮೇಲಿರುವ ಡಬ್ಬಿಯಲ್ಲಿ ಎಂಟೋ ಹದಿನಾರೋ ಪೋರ್ಟುಗಳು, ಅಂದರೆ ಮನೆಗಳ ಕೇಬಲ್ ಸಿಕ್ಕಿಸುವ ಕಿಂಡಿಗಳು ಇರುತ್ತವೆ. ಅವೆಲ್ಲ ಭರ್ತಿಯಾಗಿದ್ದರೆ ಕಂಪನಿಯ ಕೇಬಲ್ ನಮ್ಮ ಗೇಟಿನ ಮುಂದೆಯೇ ಹಾದುಹೋಗುತ್ತಿದ್ದರೂ ನಮಗೆ ಸಂಪರ್ಕ ಸಿಗುವುದಿಲ್ಲ. ಈ ಸಂಗತಿ ಗೊತ್ತಾಗುವುದು ಯಾರಾದರೂ ಏಣಿ ಹಾಕಿ ಡಬ್ಬಿಯನ್ನು ತೆರೆದು ನೋಡಿದಾಗಲೇ.

ನಮ್ಮಲ್ಲೂ ಹಾಗೆಯೇ ಆಯಿತು. ಎದುರು ಕಂಬದ ಡಬ್ಬಿಯಲ್ಲಿ ಒಂದು ಪೋರ್ಟೂ ಖಾಲಿ ಇರಲಿಲ್ಲ. ಬಂದಿದ್ದ ಹುಡುಗ ಚುರುಕಿನವನಾದ್ದರಿಂದ ‘ಆಗಲ್ಲ’ ಎಂದು ಹಿಂದಿರುಗದೆ ಹಿಂದಿನ ಅಡ್ಡರಸ್ತೆಗೆ ಹೋಗಿ ಅಲ್ಲಿನ ಡಬ್ಬಿಯಲ್ಲಿ ಜಾಗ ಕಂಡುಹಿಡಿದ. ಆದರೆ ಅಲ್ಲಿಂದ ಕೇಬಲ್ ಬರಬೇಕಾದರೆ ಹಿಂಬದಿಯ ಮನೆಯ ತಾರಸಿಯನ್ನು ದಾಟಬೇಕಿತ್ತು. ಆ ಮನೆಯ ಹಿರಿಯರನ್ನು ಹೋಗಿ ಕೇಳಿದೆ. ‘ನಮ್ಮ ಬಟ್ಟೆ ಒಣಹಾಕೋ ತಂತಿಗೆ ಕಟ್ಟಬೇಡಿ, ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಅಡ್ಡ ಬರಬಾರದು, ಅಷ್ಟೇ ಕಣಮ್ಮ’ ಎಂದರು. ಬೆಂಗಳೂರಿನ ಮನೆ ಮನೆಗೆ ಇಂಟರ್‌ನೆಟ್ ತಲುಪಿರುವುದರಲ್ಲಿ ಇಂತಹ ತಾರಸಿ ಮಾಲೀಕರ ಔದಾರ್ಯಕ್ಕೆ ದೊಡ್ಡ ಪಾಲಿದೆ. ತಾರಸಿ ಸಿಗದಿದ್ದರೆ ಉಳಿಯುವುದು ವಿದ್ಯುತ್ ಕಂಬ ಮತ್ತು ಮರ. ಅವುಗಳಿಗೆ ತೂಗುಹಾಕಿದ ಕೇಬಲ್ಲುಗಳನ್ನು ಬೆಸ್ಕಾಂ ಮತ್ತು ಪಾಲಿಕೆಯವರು ಆಗಾಗ ಕತ್ತರಿಸಿ ಹಾಕುತ್ತಾರೆ. ಪಾದಚಾರಿಗಳ ಕುತ್ತಿಗೆಯ ಎತ್ತರಕ್ಕೆ ಜೋತುಬಿದ್ದ ಕೇಬಲ್ಲುಗಳನ್ನು ಕಂಡವರು ಅದನ್ನು ತಪ್ಪೆನ್ನಲಾರರು.

ಕೇಬಲ್ ಮನೆಯೊಳಗೆ ಬಂದ ಮೇಲೆ ನಡೆಯುವ ಕೆಲಸವನ್ನು ಒಮ್ಮೆ ನಿಂತು ನೋಡಬೇಕು. ಹುಡುಗ ಕೇಬಲ್ಲಿನ ಕಪ್ಪು ಹೊದಿಕೆಯನ್ನು ಸುಲಿದು, ಒಳಗಿನ ಗಾಜಿನ ಎಳೆಯನ್ನು ಸ್ಪಿರಿಟ್‌ನಿಂದ ಒರೆಸಿ, ಪುಟ್ಟ ಕತ್ತರಿ ಯಂತ್ರದಲ್ಲಿ ಅದರ ತುದಿಯನ್ನು ನೇರವಾಗಿ ಕತ್ತರಿಸಿದ. ಆ ಎಳೆಯ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಭಾಗ; ಬೆಳಕು ಸಾಗುವುದು ಅದರ ನಡುವಿನ ಒಂಬತ್ತೇ ಮೈಕ್ರಾನಿನಷ್ಟು ಜಾಗದಲ್ಲಿ. ಎರಡು ಎಳೆಗಳ ತುದಿಗಳನ್ನು ಸ್ಪ್ಲೈಸಿಂಗ್ ಯಂತ್ರದೊಳಗೆ ಎದುರುಬದುರಾಗಿ ಇಟ್ಟು ಮುಚ್ಚಿದಾಗ ಅವು ತಾವಾಗಿಯೇ ಸರಿದು ಹತ್ತಿರವಾದದ್ದು, ಒಂದು ಕಿಡಿ ಹೊತ್ತಿ ಬೆಸೆದುಕೊಂಡದ್ದು ಪರದೆಯ ಮೇಲೆ ಕಾಣಿಸಿತು. ಆಮೇಲೆ ಬೆಳಕಿನ ಬಲವನ್ನು ಅಳೆಯುವ ಪವರ್ ಮೀಟರ್ ಹಚ್ಚಿ ನೋಡಿದರೆ ಮೈನಸ್ 21 ಡಿಬಿಎಂ ತೋರಿಸಿತು. ‘ಮೈನಸ್ ಇಪ್ಪತ್ತೇಳು ದಾಟಿದ್ರೆ ಕಷ್ಟ ಮೇಡಂ, ಇದು ಪರವಾಗಿಲ್ಲ’ ಎಂದ. ಈ ಅಂಕಿಯನ್ನು ಕೇಳಿ ಬರೆದಿಟ್ಟುಕೊಳ್ಳುವುದು ಉಪಯುಕ್ತ. ಮುಂದೆ ಎಂದಾದರೂ ವೇಗ ಕುಸಿದು ಸಂಪರ್ಕ ಕಡಿದು ಕಡಿದು ಬರತೊಡಗಿದರೆ, ಬೆಳಕಿನ ಬಲ ಕುಗ್ಗಿದೆಯೇ ಅಥವಾ ತೊಂದರೆ ಬೇರೆ ಕಡೆ ಇದೆಯೇ ಎಂಬುದನ್ನು ಹಳೆಯ ಅಂಕಿಯ ಜೊತೆ ಹೋಲಿಸಿ ಹೇಳಬಹುದು. ಸಾಮಾನು ಜೋಡಿಸುವ ಭರದಲ್ಲಿ ಬೀರುವಿನ ಹಿಂದೆ ಫೈಬರ್ ಮಡಚಿಕೊಂಡರೂ ಬೆಳಕು ಸೋರಿಹೋಗುತ್ತದೆ. ರೂಟರಿನ ಮೇಲಿನ ಕೆಂಪು ದೀಪಕ್ಕೆ ಎಷ್ಟೋ ಸಲ ಇದೇ ಕಾರಣ.

ಗೋಡೆಗೆ ರಂಧ್ರ ಕೊರೆಯುವ ವಿಷಯದಲ್ಲಿ ಬಾಡಿಗೆದಾರರು ಅಡ್ವಾನ್ಸ್ ಕೊಡುವ ಮುನ್ನವೇ ಮಾತಾಡಿಕೊಳ್ಳಬೇಕು. ಹೊಸದಾಗಿ ಸುಣ್ಣಬಣ್ಣ ಮಾಡಿಸಿದ ಮಾಲೀಕರಿಗೆ ಡ್ರಿಲ್ಲಿಂಗ್ ಯಂತ್ರದ ಶಬ್ದ ಕೇಳಿದರೇ ಆಗುವುದಿಲ್ಲ. ಹಳೆಯ ಕೇಬಲ್ ಟಿವಿಯ ಅಥವಾ ಡಿಶ್ಶಿನ ರಂಧ್ರವಿದ್ದರೆ ಅದನ್ನೇ ಬಳಸಬಹುದು. ಅಪಾರ್ಟ್‌ಮೆಂಟುಗಳ ಕಥೆಯೇ ಬೇರೆ. ಅಲ್ಲಿ ಒಂದೋ ಎರಡೋ ಕಂಪನಿಗಳಿಗೆ ಮಾತ್ರ ಒಳಗೆ ಕೇಬಲ್ ಹಾಕಲು ಸಂಘದವರು ಅನುಮತಿ ಕೊಟ್ಟಿರುತ್ತಾರೆ. ನಮ್ಮ ಕಂಪನಿ ಅವುಗಳಲ್ಲಿ ಇಲ್ಲದಿದ್ದರೆ ಶಿಫ್ಟ್ ಎಂಬ ಮಾತೇ ಏಳುವುದಿಲ್ಲ. ಕಟ್ಟಡಗಳಿಗೆ ಡಿಜಿಟಲ್ ಸಂಪರ್ಕದ ಗುಣಮಟ್ಟವನ್ನು ನೋಡಿ ರೇಟಿಂಗ್ ಕೊಡುವ ನಿಯಮಾವಳಿಯನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2024ರ ಅಕ್ಟೋಬರಿನಲ್ಲಿ ಹೊರಡಿಸಿದೆ. ಅದು ಬಾಡಿಗೆ ಜಾಹೀರಾತುಗಳಲ್ಲಿ ಕಾಣುವಷ್ಟು ರೂಢಿಗೆ ಬಂದರೆ ಒಳ್ಳೆಯದೇ; ಅಲ್ಲಿಯವರೆಗೆ ಕಾವಲುಗಾರನನ್ನು ಮತ್ತು ಪಕ್ಕದ ಫ್ಲ್ಯಾಟಿನವರನ್ನು ‘ಇಲ್ಲಿ ಯಾವ ಯಾವ ನೆಟ್ ಬರುತ್ತೆ?’ ಎಂದು ಕೇಳುವುದೇ ನಂಬಿಕೆಯ ದಾರಿ.

ಇನ್ನು ಫೋನ್ ನಂಬರು. ನನ್ನ ಮಟ್ಟಿಗೆ ಇಡೀ ವ್ಯವಹಾರದಲ್ಲಿ ಹೆಚ್ಚು ಎಚ್ಚರ ಬೇಡುವ ಭಾಗ ಇದೇ. ‘ನಂಬರು ಬದಲಾದ್ರೆ ಅರಸೀಕೆರೆ ಅಕ್ಕ ಫೋನ್ ಮಾಡೋದೇ ನಿಲ್ಲಿಸಿಬಿಡ್ತಾಳೆ ಕಣೇ, ಅವಳಿಗೆ ಇದೊಂದೇ ಬಾಯಿಪಾಠ’ ಎಂಬುದು ಅತ್ತೆಯವರ ಆತಂಕ. ಮೊಬೈಲಿನಲ್ಲಾದರೆ ಈ ಚಿಂತೆಯಿಲ್ಲ: ನಂಬರನ್ನು ಉಳಿಸಿಕೊಂಡು ಕಂಪನಿ ಬದಲಿಸುವ ಸೌಲಭ್ಯ 2011ರ ಜನವರಿಯಲ್ಲಿ ದೇಶದಾದ್ಯಂತ ಬಂತು, 2015ರ ಜುಲೈನಿಂದ ರಾಜ್ಯ ಬದಲಾದರೂ ಅದು ಅನ್ವಯಿಸುತ್ತದೆ. ಲ್ಯಾಂಡ್‌ಲೈನಿಗೆ ಅಂತಹ ಸೌಲಭ್ಯವಿಲ್ಲ. ಹೊಸ ಮನೆಗೆ ನಮ್ಮ ಕಂಪನಿ ಬಾರದೆ ಬೇರೆ ಕಂಪನಿಯ ಸಂಪರ್ಕ ಪಡೆಯಬೇಕಾದರೆ ಹಳೆಯ ನಂಬರಿನ ಆಸೆಯನ್ನು ಬಿಡಲೇಬೇಕು.

ಅದೇ ಕಂಪನಿಯಲ್ಲಿ ಉಳಿದಾಗಲೂ ಒಂದು ಸೂಕ್ಷ್ಮವಿದೆ. ತಾಮ್ರದ ತಂತಿಯ ಕಾಲದಲ್ಲಿ ನಂಬರು ಸೇರಿದ್ದು ಬಡಾವಣೆಯ ಟೆಲಿಫೋನ್ ಎಕ್ಸ್‌ಚೇಂಜಿಗೆ. ಬಿಎಸ್‌ಎನ್‌ಎಲ್‌ನ ಎಂಟಂಕಿಯ ನಂಬರು 26ರಿಂದ ಶುರುವಾದರೆ ಜಯನಗರ, ಬಸವನಗುಡಿಯ ಕಡೆಯದು, 23 ಆದರೆ ಮಲ್ಲೇಶ್ವರ, ರಾಜಾಜಿನಗರದ ಕಡೆಯದು, 25 ಆದರೆ ಇಂದಿರಾನಗರ, ಕೋರಮಂಗಲದ ಕಡೆಯದು ಎಂದು ಕೇಳಿದವರು ಹೇಳಬಹುದಿತ್ತು. ಆದ್ದರಿಂದ ಊರಿನ ಈ ತುದಿಯಿಂದ ಆ ತುದಿಗೆ ಹೋದವರ ನಂಬರು ಸಾಮಾನ್ಯವಾಗಿ ಬದಲಾಗುತ್ತಿತ್ತು. ಫೈಬರಿನಲ್ಲಿ ಧ್ವನಿಯೂ ಇಂಟರ್‌ನೆಟ್ಟಿನ ದತ್ತಾಂಶದ ಹಾಗೆಯೇ ಹರಿಯುವುದರಿಂದ, 080 ವ್ಯಾಪ್ತಿಯೊಳಗೆ ನಂಬರನ್ನು ಉಳಿಸಿಕೊಡುವುದು ತಾಂತ್ರಿಕವಾಗಿ ಕಷ್ಟವಲ್ಲ. ಆದರೂ ಅರ್ಜಿ ಕೊಡುವಾಗಲೇ ‘ನಂಬರು ಅದೇ ಇರಬೇಕು’ ಎಂದು ಹೇಳಿ, ಅದನ್ನು ಬರಹದಲ್ಲಿ ಪಡೆಯುವುದು ಕ್ಷೇಮ. ಮೈಸೂರಿಗೋ ತುಮಕೂರಿಗೋ ಹೋಗುವವರಿಗೆ ಎಸ್‌ಟಿಡಿ ಕೋಡೇ ಬದಲಾಗುವುದರಿಂದ ಈ ಮಾತು ಅನ್ವಯಿಸುವುದಿಲ್ಲ.

ನಮಗೆ ಇನ್ನೊಂದು ಗಂಟಿತ್ತು. ಖಾತೆ ತೀರಿಹೋದ ಮಾವನವರ ಹೆಸರಿನಲ್ಲಿಯೇ ಇತ್ತು. ಬಿಲ್ಲು ಕಟ್ಟುತ್ತಿರುವವರೆಗೆ ಯಾರೂ ಕೇಳುವುದಿಲ್ಲ. ವಿಳಾಸ ಬದಲಿಸಹೊರಟಾಗ ಮಾತ್ರ ಗ್ರಾಹಕರೇ ಗುರುತಿನ ದಾಖಲೆ ಕೊಡಬೇಕೆಂಬ ನಿಯಮ ಎದುರಾಗುತ್ತದೆ. ಮರಣ ಪ್ರಮಾಣಪತ್ರ, ಅತ್ತೆಯವರ ಆಧಾರ್, ಮಕ್ಕಳ ಒಪ್ಪಿಗೆ ಪತ್ರ ಇಷ್ಟನ್ನೂ ಒದಗಿಸಿ ಹೆಸರಿನ ಬದಲಾವಣೆಯನ್ನು ಮೊದಲು ಮುಗಿಸಿ, ಅದು ದಾಖಲಾದ ಮೇಲೆಯೇ ಶಿಫ್ಟ್ ಕೋರಿಕೆ ಹಾಕಿದೆವು. ಹಿರಿಯರ ಹೆಸರಿನಲ್ಲಿ ಫೋನಿರುವ ಮನೆಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ಮನೆ ಬದಲಿಸುವ ಯೋಚನೆ ಇರಲಿ ಬಿಡಲಿ, ಈ ಕೆಲಸವನ್ನು ಪುರುಸೊತ್ತಿನಲ್ಲಿ ಮಾಡಿಟ್ಟುಕೊಂಡರೆ ತಪ್ಪೇನಿಲ್ಲ.

ತಾಮ್ರದ ಲೈನಿನಿಂದ ಫೈಬರಿಗೆ ಇದೇ ಸಂದರ್ಭದಲ್ಲಿ ಬದಲಾಗುವವರು ಮನೆಯ ಹಿರಿಯರಿಗೆ ಒಂದು ವಿಷಯವನ್ನು ತಿಳಿಸಿ ಹೇಳಬೇಕು. ಹಳೆಯ ಫೋನಿಗೆ ಬೇಕಾದ ವಿದ್ಯುತ್ತು ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ ಅದೇ ತಂತಿಯಲ್ಲಿ, 48 ವೋಲ್ಟಿನಲ್ಲಿ ಬರುತ್ತಿತ್ತು. ಬೀದಿಯೆಲ್ಲ ಕತ್ತಲಾದರೂ ಫೋನು ಮಾತ್ರ ಜೀವಂತವಾಗಿರುತ್ತಿತ್ತು. ಫೈಬರಿನಲ್ಲಿ ಬರುವುದು ಬೆಳಕು ಮಾತ್ರ. ಮನೆಯ ರೂಟರಿಗೆ ಕರೆಂಟಿಲ್ಲದಿದ್ದರೆ ಫೋನೂ ಇಲ್ಲ. ಯುಪಿಎಸ್ ಇರುವ ಮನೆಯಲ್ಲಿ ಆ ಪ್ಲಗ್ ಯುಪಿಎಸ್ ಲೈನಿನದೇ ಎಂಬುದನ್ನು ಖಚಿತಪಡಿಸಿಕೊಂಡು ಅಲ್ಲಿಯೇ ರೂಟರ್ ಇಡಿಸಬೇಕು. ಇಲ್ಲದವರು ರೂಟರಿಗೆಂದೇ ಸಿಗುವ ಪುಟ್ಟ ಬ್ಯಾಟರಿ ಯುಪಿಎಸ್ ತಂದಿಟ್ಟರೆ ಸಾಕು. ಒಬ್ಬರೇ ಇರುವ ಹಿರಿಯರ ಮನೆಯಲ್ಲಿ ಇದನ್ನು ಅನುಕೂಲವೆಂದು ನೋಡದೆ ಅಗತ್ಯವೆಂದೇ ತಿಳಿಯಬೇಕು. ಹಾಗೆಯೇ ಲ್ಯಾಂಡ್‌ಲೈನಿನಿಂದ ಮೊಬೈಲಿಗೆ ಕರೆ ಮಾಡುವಾಗ ಮುಂದೆ ಸೊನ್ನೆ ಒತ್ತಬೇಕೆಂಬ ನಿಯಮ 2021ರ ಜನವರಿ 15ರಿಂದ ಜಾರಿಯಲ್ಲಿದೆ. ಹೊಸ ಮನೆಯಲ್ಲಿ ‘ಫೋನೇ ಹೋಗ್ತಿಲ್ಲ’ ಎಂಬ ದೂರು ಬಂದರೆ ಮೊದಲು ಅದನ್ನು ನೋಡುವುದು.

ಶಿಫ್ಟ್ ಮಾಡಿಸುವುದೋ, ಹಳೆಯದನ್ನು ಮುಚ್ಚಿ ಹೊಸದನ್ನೇ ಪಡೆಯುವುದೋ ಎಂಬ ಲೆಕ್ಕ ಒಬ್ಬೊಬ್ಬರಿಗೆ ಒಂದೊಂದು ರೀತಿ. ಹೊಸ ಗ್ರಾಹಕರಿಗೆ ಸಿಗುವ ರಿಯಾಯಿತಿ ಹಳೆಯವರಿಗೆ ಸಿಗದಿರುವುದು ಈ ವ್ಯಾಪಾರದ ಮಾಮೂಲಿ ಅನ್ಯಾಯ. ಶಿಫ್ಟ್ ಶುಲ್ಕವಿದ್ದರೆ ಅದರ ಮೇಲೆ ಶೇ 18ರ ಜಿಎಸ್‌ಟಿಯೂ ಸೇರುತ್ತದೆ. ಆದರೆ ವರ್ಷದ ಪ್ಲ್ಯಾನಿಗೆ ಮುಂಗಡ ಕಟ್ಟಿದವರಿಗೆ, ಸ್ಟ್ಯಾಟಿಕ್ ಐಪಿ (ಬದಲಾಗದ ಇಂಟರ್‌ನೆಟ್ ವಿಳಾಸ) ಇರುವವರಿಗೆ, ಅತ್ತೆಯವರಂತೆ ನಂಬರೇ ಮುಖ್ಯವಾದವರಿಗೆ ಶಿಫ್ಟ್ ಮಾಡಿಸುವುದೇ ಸರಿ. ಮಿಕ್ಕವರು, ಅದರಲ್ಲೂ ತಿಂಗಳ ಪ್ಲ್ಯಾನಿನ ಬ್ಯಾಚುಲರುಗಳು, ಹೊಸ ಬೀದಿಯಲ್ಲಿ ಯಾರ ಲೈನ್‌ಮನ್ ಕರೆದರೆ ಬರುತ್ತಾನೋ ಆ ಕಂಪನಿಯನ್ನೇ ಹಿಡಿಯಬಹುದು. ವೈಫೈಗೆ ಹಳೆಯ ಹೆಸರು, ಹಳೆಯ ಪಾಸ್‌ವರ್ಡನ್ನೇ ಇಡಿಸಿದರೆ ಟಿವಿ, ಪ್ರಿಂಟರ್, ಕ್ಯಾಮೆರಾಗಳಿಗೆಲ್ಲ ಒಂದೊಂದಾಗಿ ಮತ್ತೆ ಹೇಳಿಕೊಡುವ ಕೆಲಸ ತಪ್ಪುತ್ತದೆ.

ಹೊಸ ಸಂಪರ್ಕ ನಡೆಯತೊಡಗಿದ ಮೇಲೆ ಬಿಲ್ಲಿನ ಮೇಲೆ ಹೊಸ ವಿಳಾಸ ಬಂದಿದೆಯೇ ನೋಡಬೇಕು. ಸಂಪರ್ಕದ ವಿಳಾಸ ಬದಲಾದರೂ ಬಿಲ್ಲಿನ ವಿಳಾಸ ಹಳೆಯದೇ ಉಳಿಯುವುದುಂಟು. ಆಧಾರ್ ವಿಳಾಸ ಬದಲಾವಣೆಗೆ ಮೂರು ತಿಂಗಳೊಳಗಿನ ಲ್ಯಾಂಡ್‌ಲೈನ್ ಅಥವಾ ಬ್ರಾಡ್‌ಬ್ಯಾಂಡ್ ಬಿಲ್ಲನ್ನು ದಾಖಲೆಯಾಗಿ ಒಪ್ಪುವುದರಿಂದ ಬಾಡಿಗೆದಾರರಿಗೆ ಈ ಕಾಗದಕ್ಕೆ ಬೆಲೆಯಿದೆ. ಕೆಲಸ ತಡವಾದರೆ ಬರಿಯ ಫೋನ್ ಮಾತಿನಲ್ಲಿ ನಿಲ್ಲಿಸದೆ ದೂರಿನ ಡಾಕೆಟ್ ಸಂಖ್ಯೆ ಪಡೆಯಬೇಕು. ಅದರಿಂದ ಪರಿಹಾರ ಸಿಗದಿದ್ದರೆ 30 ದಿನಗಳೊಳಗೆ ಅದೇ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಹೋಗಬಹುದು. ಅದು 39 ದಿನಗಳಲ್ಲಿ ತೀರ್ಮಾನ ಕೊಡಬೇಕೆಂದು 2012ರ ಟ್ರಾಯ್ ನಿಯಮ ಹೇಳುತ್ತದೆ. ಟ್ರಾಯ್ ತಾನೇ ಒಬ್ಬೊಬ್ಬರ ದೂರನ್ನು ವಿಚಾರಿಸುವುದಿಲ್ಲ. 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯೂ ಇದೆ.

ಸಂಪರ್ಕವನ್ನು ಮುಚ್ಚುವವರು ರೂಟರನ್ನು ಹಳೆಯ ಮನೆಯಲ್ಲಿ ಬಿಟ್ಟು ಬರಬಾರದು. ಅದು ಬಹುಪಾಲು ಕಂಪನಿಯ ಸ್ವತ್ತು. ಅದರ ಹಿಂಭಾಗದ ಸೀರಿಯಲ್ ನಂಬರು ಕಾಣುವಂತೆ ಫೋಟೊ ತೆಗೆದು, ಅಡಾಪ್ಟರ್ ಸಮೇತ ಹಿಂದಿರುಗಿಸಿ, ಪಡೆದವರಿಂದ ರಸೀತಿಯನ್ನೋ ಮೆಸೇಜನ್ನೋ ಪಡೆದ ಮೇಲೆಯೇ ಕೊನೆಯ ಬಿಲ್ಲು ಕಟ್ಟಬೇಕು.