ನಿಯಂತ್ರಣ ತಪ್ಪಿದ್ದನ್ನ ನೀನು ನೋಡಿದ್ಯಾ?

ಪತ್ರಿಕೆಗೆ ಸೇರಿ ಮೂರು ತಿಂಗಳಾಗಿತ್ತು. ಚಿತ್ರದುರ್ಗದ ಹತ್ತಿರ ಹೆದ್ದಾರಿ 48ರಲ್ಲಿ ಬೆಳಗಿನ ಜಾವ, ನಿಂತಿದ್ದ ಲಾರಿಗೆ ಹಿಂದಿನಿಂದ ಕಾರು ಗುದ್ದಿತ್ತು. ಠಾಣೆಗೆ ಫೋನ್ ಮಾಡಿ ಕೂತಲ್ಲೇ ಸುದ್ದಿ ಬರೆದೆ. ‘ಚಾಲಕನ ನಿಯಂತ್ರಣ ತಪ್ಪಿ’ ಅಂತ ಶುರು ಮಾಡಿದ್ದೆ. ಎಲ್ಲರೂ ಹಾಗೇ ಬರೀತಾರಲ್ವಾ?

ನಮ್ಮ ಹಿರಿಯ ವರದಿಗಾರರು ಅದನ್ನು ಓದಿದರು. ಅವರದು ರಾಜಕೀಯ ವರದಿ. ಟಿಕೆಟ್, ಬಂಡಾಯ, ಚುನಾವಣೆಯಲ್ಲೇ ಮೂವತ್ತು ವರ್ಷ ಕಳೆದವರು.

“ಅಲ್ಲಪ್ಪಾ, ನಿಯಂತ್ರಣ ತಪ್ಪಿದ್ದನ್ನ ನೀನು ನೋಡಿದ್ಯಾ?”

ನಾನು ಸುಮ್ಮನಾದೆ.

“ನಡಿ, ನೋಡ್ಕಂಡು ಬರಾಣ.”

ಲಾರಿ ಇನ್ನೂ ಅಲ್ಲೇ ಇತ್ತು. ಸರ್ ಅದರ ಹಿಂದೆ ಕೂತು ಕೈಯಿಂದ ಮಣ್ಣು ಒರೆಸಿದರು. ಆಗ ಕೆಂಪು ರಿಫ್ಲೆಕ್ಟರ್ ಪಟ್ಟಿ ಕಂಡಿತು. ಅಷ್ಟು ಮಣ್ಣು. ತ್ರಿಕೋನದ ಬೋರ್ಡ್ ಇಲ್ಲ. ಎರಡು ಕಲ್ಲು, ಒಂದು ಬೇವಿನ ಟೊಂಗೆ, ಅಷ್ಟೇ. ಬೀದಿದೀಪದ ಕಂಬ ದೂರದಲ್ಲಿತ್ತು. ಲಾರಿ ರಾತ್ರಿ ಹತ್ತರಿಂದ ಕೆಟ್ಟು ನಿಂತಿತ್ತು ಅಂತ ಟೀ ಅಂಗಡಿಯವರು ಹೇಳಿದರು.

“ಯಾರಿಗಾದ್ರೂ ತಿಳಿಸಿದ್ರಾ?”

“ಯಾರಿಗೆ ತಿಳಿಸ್ಬೇಕು ಸಾರ್?”

ಹೆದ್ದಾರಿಯ ಸಹಾಯವಾಣಿ 1033 ಅವರಿಗೆ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಗಾಯಾಳುಗಳನ್ನು ಮುಟ್ಟೋಕೂ ಜನ ಹೆದರಿದ್ದರಂತೆ, ಎತ್ತಿದರೆ ಕೋರ್ಟಿಗೆ ಅಲೀಬೇಕು ಅಂತ. ನೆರವಾದವರನ್ನು ಬಲವಂತವಾಗಿ ಸಾಕ್ಷಿ ಮಾಡುವಂತಿಲ್ಲ, ಹೆಸರು ಕೊಡಲೇಬೇಕೆಂದಿಲ್ಲ. 2016ರಲ್ಲೇ ಸುಪ್ರೀಂ ಕೋರ್ಟ್ ಒಪ್ಪಿದ ನಿಯಮ ಇದು. 2019ರ ತಿದ್ದುಪಡಿಯಲ್ಲಿ ಮೋಟಾರು ವಾಹನ ಕಾಯ್ದೆಗೂ ಸೇರಿತು. ಸರ್ ಅಲ್ಲೇ ನಿಂತು ಇದನ್ನೆಲ್ಲ ಬಿಡಿಸಿ ಹೇಳಿದರು. ಆಮೇಲೆ ಕಿಲೋಮೀಟರ್ ಕಲ್ಲಿನ ನಂಬರನ್ನು ನನ್ನ ಕೈಯಲ್ಲೇ ಬರೆಸಿದರು.

ಸುದ್ದಿ ಒಳಪುಟದಲ್ಲಿ ಬಂತು. ಅದಾದ ವಾರಕ್ಕೆ ಮಂತ್ರಿಯೊಬ್ಬರ ಪತ್ರಿಕಾಗೋಷ್ಠಿ. ಉಳಿದವರೆಲ್ಲ ಸಂಪುಟ ವಿಸ್ತರಣೆ ಕೇಳುತ್ತಿದ್ದರು. ಸರ್ ಎದ್ದು ಆ ಕಲ್ಲಿನ ನಂಬರ್ ಹೇಳಿ, ಅಲ್ಲಿಗೆ ದೀಪ ಯಾವಾಗ ಬರುತ್ತೆ ಅಂತ ಕೇಳಿದರು. ಮಂತ್ರಿ ಪಕ್ಕದ ಅಧಿಕಾರಿಯ ಮುಖ ನೋಡಿದರು. ಹೊರಗೆ ಬಂದಾಗ ನಾನು, “ರಾಜಕೀಯದ ಪ್ರಶ್ನೆ ಕೇಳಲೇ ಇಲ್ಲ ಸರ್” ಅಂದೆ.

“ದುಡ್ಡು ಯಾವ ದೀಪಕ್ಕೆ ಹೋಗ್ಬೇಕು ಅನ್ನೋದು ಯಾರು ತೀರ್ಮಾನ ಮಾಡ್ತಾರಪ್ಪಾ? ಇದಕ್ಕಿಂತ ರಾಜಕೀಯ ಯಾವುದೈತೆ?”

ಅವರ ಪಾಕೆಟ್ ಡೈರಿಯ ತುಂಬ ಇಂಥ ನಂಬರುಗಳೇ ಇದ್ದವು. ನಿವೃತ್ತಿಯ ದಿನ ಅದನ್ನು ನನಗೆ ಕೊಟ್ಟರು. ನನಗೆ ಸಿಕ್ಕಿದ ದೊಡ್ಡ ಆಸ್ತಿ ಅದು.

ಕಳೆದ ತಿಂಗಳು ದಾವಣಗೆರೆಯಿಂದ ಬರುವಾಗ ಮಬ್ಬುಗತ್ತಲಲ್ಲಿ ಅದೇ ಜಾಗದಲ್ಲಿ ಟ್ಯಾಂಕರ್ ನಿಂತಿತ್ತು. ಹಿಂದೆ ಎರಡು ಕಲ್ಲು. ಬೈಕ್ ಪಕ್ಕಕ್ಕೆ ಹಾಕಿ 1033ಕ್ಕೆ ಫೋನ್ ಮಾಡಿದೆ. ಕಿಲೋಮೀಟರ್ ಎಷ್ಟು ಅಂತ ಕೇಳಿದರು. ಕಲ್ಲು ಹುಡುಕಬೇಕಾಗಲಿಲ್ಲ.